ಟೈರಿನ ಗಾಳಿ ನೋಡುವ ಸಾಧನ: ‘ಮಾಪಕ’ವೋ ‘ಸಂವೇದಕ’ವೋ?

ಮಾನ್ಯರೇ,

ಕಾರಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವಾಗ ‘ಟೈರ್ ಪ್ರೆಶರ್ ಮಾನಿಟರಿಂಗ್ ಸಿಸ್ಟಮ್’ ಎಂಬಲ್ಲಿ ತೊಡಕಿಗೆ ಸಿಕ್ಕಿದ್ದೇನೆ. ನನಗಿಂತ ಮೊದಲು ಕರಡಿನಲ್ಲಿ ಕೈಯಾಡಿಸಿದವರು ಇದನ್ನು ‘ಟೈರ್ ಗುಣಮಟ್ಟ ಮಾಪಕ’ ಎಂದು ಬರೆದಿದ್ದಾರೆ. ಆ ಹೆಸರಿನ ‘ಗುಣಮಟ್ಟ’ವೂ ‘ಮಾಪಕ’ವೂ ನನಗೆ ಸರಿಯೆನಿಸುತ್ತಿಲ್ಲ.

‘ಗುಣಮಟ್ಟ’ದ ಮಾತು ಬೇಗ ಮುಗಿಯುತ್ತದೆ. ಅದು ಟೈರು ತಯಾರಾಗುವಾಗಲೇ ನಿಶ್ಚಯವಾಗುವಂಥದ್ದು; ಓಡಾಟದಲ್ಲಿ ಬದಲಾಗುವುದು ಟೈರಿನ ಸ್ಥಿತಿ. ಅದರಲ್ಲಿಯೂ ಈ ಸಾಧನ ಗಮನಿಸುವುದು ಗಾಳಿಯನ್ನು ಮಾತ್ರ. ಟೈರು ಸವೆದು ಅದರ ತೋಡುಗಳ ಆಳ 1.6 ಮಿಲಿಮೀಟರಿನ ಮಿತಿಗೆ ಇಳಿದಿದೆಯೇ ಎಂಬುದನ್ನು ಅವುಗಳ ತಳದಲ್ಲಿರುವ ಸಣ್ಣ ಉಬ್ಬುಗಳನ್ನು ನೋಡಿ ನಾವೇ ತಿಳಿಯಬೇಕು.

‘ಮಾಪಕ’ದ ತೊಡಕು ಇದಕ್ಕಿಂತ ದೊಡ್ಡದು, ಏಕೆಂದರೆ ಈ ವ್ಯವಸ್ಥೆಯಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಪ್ರತಿ ಚಕ್ರದೊಳಗೆ, ಸಾಮಾನ್ಯವಾಗಿ ವಾಲ್ವಿನ ಬುಡದಲ್ಲಿ, ಬ್ಯಾಟರಿಯಿಂದ ನಡೆಯುವ ಪುಟ್ಟ ಸೆನ್ಸರ್ ಇದ್ದು, ಅದು ಒತ್ತಡವನ್ನು ನಿಜವಾಗಿಯೇ ಅಳೆದು ರೇಡಿಯೊ ಅಲೆಗಳ ಮೂಲಕ ಕಾರಿಗೆ ತಿಳಿಸುತ್ತದೆ. ಇದನ್ನು ಮಾಪಕ ಎಂದರೂ ನಡೆದೀತು. ಎರಡನೆಯದು ಒತ್ತಡವನ್ನು ಅಳೆಯುವುದೇ ಇಲ್ಲ. ಗಾಳಿ ಇಳಿದ ಟೈರಿನ ತ್ರಿಜ್ಯ ತುಸು ಕುಗ್ಗುವುದರಿಂದ ಅದು ಅಷ್ಟೇ ದೂರಕ್ಕೆ ಉಳಿದವುಗಳಿಗಿಂತ ಹೆಚ್ಚು ಸುತ್ತು ತಿರುಗುತ್ತದೆ. ಬ್ರೇಕು ಹಾಕಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಗೆಂದು ಅಳವಡಿಸಿದ ವೇಗದ ಸೆನ್ಸರುಗಳಿಂದ ಈ ವ್ಯತ್ಯಾಸವನ್ನು ಗುರುತಿಸಿ, ಇಂಥಲ್ಲಿ ಗಾಳಿ ಕಡಿಮೆಯಾಗಿರಬೇಕೆಂದು ಕಾರು ತೀರ್ಮಾನಿಸುತ್ತದೆ. ಹೊಗೆ ಕಂಡು ಬೆಂಕಿಯನ್ನು ತಿಳಿಯುವ ಈ ಕ್ರಮಕ್ಕೆ ತರ್ಕಶಾಸ್ತ್ರದಲ್ಲಿ ‘ಅನುಮಾನ’ವೆಂಬ ಅಚ್ಚುಕಟ್ಟಾದ ಪದವಿದೆ. ಆದರೆ ‘ನಿಮ್ಮ ಕಾರು ಟೈರನ್ನು ಅನುಮಾನಿಸುತ್ತಿದೆ’ ಎಂದು ಕೈಪಿಡಿಯಲ್ಲಿ ಬರೆದರೆ ಓದುಗರು ನಗದೆ ಇರಲಾರರು.

ಸೆನ್ಸರಿಗೆ ‘ಸಂವೇದಕ’ ಪಠ್ಯಪುಸ್ತಕಗಳಿಂದ ಪರಿಚಿತವಾದ ಪದ. ಬಿಡಿಭಾಗದ ಹೆಸರಾಗಿ ಅದಕ್ಕೆ ನನ್ನ ಆಕ್ಷೇಪವಿಲ್ಲ. ಇಡೀ ವ್ಯವಸ್ಥೆಗೆ ಮಾತ್ರ ಅದು ಸಾಲದು. ‘ಮಾನಿಟರಿಂಗ್’ ಎಂಬುದಕ್ಕೆ ‘ಮೇಲ್ವಿಚಾರಣೆ’ ಎಂದರೆ ಕಚೇರಿಯ ಮೇಲಧಿಕಾರಿ ಕಣ್ಣಮುಂದೆ ಬರುತ್ತಾರೆ. ‘ಒತ್ತಡ’ ಶಾಸ್ತ್ರಕ್ಕೆ ಸರಿಯಾದರೂ ಪೆಟ್ರೋಲ್ ಬಂಕಿನಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ‘ಗಾಳಿ ಚೆಕ್ ಮಾಡಿ’, ‘ಗಾಳಿ ಇಳಿದಿದೆ’ ಎನ್ನುತ್ತಾರೆ. ಹಾಗಾಗಿ ವ್ಯವಸ್ಥೆಗೆ ‘ಟೈರ್ ಗಾಳಿ ನಿಗಾ ವ್ಯವಸ್ಥೆ’ ಎಂದೂ, ಮೊದಲ ಬಗೆಗೆ ‘ನೇರ ನಿಗಾ’, ಎರಡನೆಯದಕ್ಕೆ ‘ಪರೋಕ್ಷ ನಿಗಾ’ ಎಂದೂ ಬಳಸಬಹುದೆಂದು ಯೋಚಿಸಿದ್ದೇನೆ. ಅಳತೆಯೂ ಊಹೆಯೂ ‘ನಿಗಾ’ದಲ್ಲಿ ಅಡಗುತ್ತವೆ ಎಂಬುದು ನನ್ನ ಎಣಿಕೆ.

‘ನೇರ’ದ ಪಕ್ಕದಲ್ಲಿ ‘ಪರೋಕ್ಷ’ ಕಿವಿಗೆ ಹೊಂದುವುದಿಲ್ಲವೆನಿಸಿದರೆ ‘ಪ್ರತ್ಯಕ್ಷ’ ಎಂದು ತಿದ್ದಬೇಕೇ, ಅಥವಾ ಎರಡನ್ನೂ ಕನ್ನಡದ್ದೇ ಪದಗಳಲ್ಲಿ ಹೇಳುವ ದಾರಿಯಿದೆಯೇ? ಗ್ಯಾರೇಜುಗಳಲ್ಲಿ ಇದಕ್ಕೆ ಬೇರೆ ಹೆಸರನ್ನು ಕೇಳಿದವರಿದ್ದರೆ ದಯವಿಟ್ಟು ತಿಳಿಸಿರಿ.