ಚಿಲಿಕಾ ನೀರಿನ ಬ್ಯಾಕ್ಟೀರಿಯಾ ಪರೀಕ್ಷೆ: ಏನೂ ಹಾಕದ ಫ್ಲಾಸ್ಕಿಗೂ ರಂಜಕ ಹಾಕಿದ್ದಕ್ಕೂ ವ್ಯತ್ಯಾಸವೇ ಇಲ್ಲ

ಅಳಿವೆನೀರು:
ನಮಸ್ಕಾರ. ಒಡಿಶಾ ಕರಾವಳಿಯ ಚಿಲಿಕಾ ಸರೋವರದ ಉತ್ತರ ಭಾಗದಲ್ಲಿ, ಅಂದರೆ ದಯಾ, ಭಾರ್ಗವಿ ನದಿಗಳ ನೀರು ಬಂದು ಸೇರುವ ಕಡೆ, ಬ್ಯಾಕ್ಟೀರಿಯಾ ಬೆಳವಣಿಗೆಗೆ ಕೊರತೆಯಾಗಿರುವುದು ಇಂಗಾಲವೋ, ಸಾರಜನಕವೋ, ರಂಜಕವೋ ನೋಡಬೇಕಿದೆ. ಏನೂ ಹಾಕದ್ದು, ಒಂದೊಂದೇ ಹಾಕಿದ್ದು, ಎರಡೆರಡು, ಮೂರೂ ಸೇರಿ ಎಂಟು ಬಗೆ. ಒಂದೊಂದಕ್ಕೂ ಮೂರರಂತೆ 24 ಫ್ಲಾಸ್ಕ್. ಬ್ಯಾಕ್ಟೀರಿಯಾ ಹೋಗಲೆಂದು 0.2 ಮೈಕ್ರಾನ್‌ನಲ್ಲಿ ಸೋಸಿದ ನೀರು ಒಂಬತ್ತು ಪಾಲು, ಬ್ಯಾಕ್ಟೀರಿಯಾ ಬಿತ್ತಲು ಸೋಸದ ನೀರು ಒಂದು ಪಾಲು, ಕತ್ತಲಲ್ಲಿ 72 ಗಂಟೆ. ಕೊನೆಗೆ ಎಣಿಸಿದರೆ ಏನೂ ಹಾಕದ್ದೂ ರಂಜಕ ಹಾಕಿದ್ದೂ ಒಂದೇ. ರಂಜಕದ ಕೊರತೆ ಇಲ್ಲ ಎನ್ನಬಹುದೇ?

ಸೋಸುಹಾಳೆ:
ಇಷ್ಟರಿಂದ ಹಾಗೆ ಹೇಳಲು ಬರುವುದಿಲ್ಲ. ಎಡವಟ್ಟಾಗಿರುವುದು ಆ ಸೋಸದ ನೀರಿನಲ್ಲಿ. ಅದರ ಜೊತೆ ಎರಡರಿಂದ ಐದು ಮೈಕ್ರಾನ್ ಗಾತ್ರದ ಕಶಾಂಗಜೀವಿಗಳು (ಚಾಟಿಯಂಥ ಎಳೆಯಿಂದ ಈಜುವ ಏಕಕೋಶ ಜೀವಿಗಳು) ಒಳಗೆ ಬಂದಿರುತ್ತವೆ. ಬ್ಯಾಕ್ಟೀರಿಯಾ ತಿಂದೇ ಬದುಕುವ ಜೀವಿಗಳು ಅವು. ರಂಜಕ ಸಿಕ್ಕಿದ ಫ್ಲಾಸ್ಕಿನಲ್ಲಿ ಬ್ಯಾಕ್ಟೀರಿಯಾ ಬೇಗ ಹೆಚ್ಚಿದರೆ ಅವೂ ಬೇಗ ಹೆಚ್ಚುತ್ತವೆ, ಮೂರನೇ ದಿನ ಎಣಿಸುವಾಗ ಲೆಕ್ಕ ಸಮವಾಗಿರುತ್ತದೆ. ಬಿತ್ತುವ ನೀರನ್ನು 0.8 ಮೈಕ್ರಾನ್‌ನಲ್ಲಿ ಸೋಸಿಕೊಳ್ಳಿ. 28–30 ಡಿಗ್ರಿ ಶಾಖದಲ್ಲಿ ಬೆಳವಣಿಗೆ ಬೇಗ ನಿಲ್ಲುತ್ತದೆ, ಆದ್ದರಿಂದ ಆರಾರು ಗಂಟೆಗೆ ಮಾದರಿ ತೆಗೆದು ಏರಿಕೆಯ ವೇಗ ನೋಡಿ, ಕೊನೆಯ ಎಣಿಕೆಯೊಂದನ್ನೇ ನಂಬಬೇಡಿ.

ಆಮೇಲೆ ಗಾಜು. ಫಾಸ್ಫೇಟ್ (ರಂಜಕದ ಲವಣ) ಇರುವ ಸೋಪಿನಲ್ಲಿ ತೊಳೆದಿದ್ದರೆ ಎಲ್ಲ ಫ್ಲಾಸ್ಕಿಗೂ ರಂಜಕ ಹಾಕಿದ ಹಾಗೆಯೇ. 10% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಶುದ್ಧ ನೀರಿನಲ್ಲಿ ಐದಾರು ಸಲ ಜಾಲಾಡಿಸಿ. ಹೊಸ ಸೋಸುಹಾಳೆ ಇಂಗಾಲ ಬಿಡುತ್ತದೆ, ಮೊದಲು ಸೋಸಿ ಬಂದ 200 ಮಿ.ಲೀ. ಚೆಲ್ಲಿಬಿಡಿ. ಸೋಸುವಾಗ ಪಂಪನ್ನು ಜೋರಾಗಿ ಎಳೆಸಬೇಡಿ. ಪಾಚಿಯ ಕೋಶ ಒಡೆದು ಒಳಗಿದ್ದದ್ದೆಲ್ಲ ನೀರಿಗಿಳಿಯುತ್ತದೆ.

ಕೆಸರುಗೆರೆ:
ಪ್ರಮಾಣ ಎಷ್ಟು ಹಾಕಿದ್ದೀರಿ, ಬರೆದಿಲ್ಲ. ಇಂಗಾಲ, ಸಾರಜನಕ, ರಂಜಕ 50:10:1 ಇಟ್ಟುಕೊಂಡರೆ ಬ್ಯಾಕ್ಟೀರಿಯಾ ಕೋಶದ ಅನುಪಾತಕ್ಕೆ ಹತ್ತಿರವಾಗುತ್ತದೆ. ಲೀಟರಿಗೆ ಗ್ಲೂಕೋಸ್ 7.5 ಗ್ರಾಂ, ಅಮೋನಿಯಂ ಕ್ಲೋರೈಡ್ 2.675 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 0.68 ಗ್ರಾಂ, ಹೀಗೆ ಮೂರು ಬೇರೆ ಬೇರೆ ದ್ರಾವಣ. ಒಂದು ಲೀಟರ್ ಮಾದರಿಗೆ ತಲಾ 1 ಮಿ.ಲೀ. ಹಾಕಿದರೆ ಇಂಗಾಲ 250, ಸಾರಜನಕ 50, ರಂಜಕ 5 ಮೈಕ್ರೋಮೋಲಾರ್ ಆಗುತ್ತದೆ.

ಇನ್ನೊಂದು ಮಾತು. ಮಳೆಗಾಲದ ಆ ಭಾಗದ ನೀರು ಕೆಂಪು ರಾಡಿ. ಫಾಸ್ಫೇಟ್ ಜೇಡಿಕಣಗಳಿಗೆ ಅಂಟಿಕೊಂಡಿರುತ್ತದೆ, ಉಪ್ಪು ಹೆಚ್ಚಾದಂತೆ ಬಿಡುತ್ತಾ ಹೋಗುತ್ತದೆ. 0.2 ಮೈಕ್ರಾನ್‌ನಲ್ಲಿ ಸೋಸಿದಿರೆಂದರೆ ಆ ಉಗ್ರಾಣವನ್ನೇ ಹೊರಗೆ ಹಾಕಿದ ಹಾಗೆ. ಸೋಸದ ನೀರಿನದೇ ಒಂದು ಸಾಲು ಪಕ್ಕದಲ್ಲಿಟ್ಟು, ಲ್ಯೂಸಿನ್ ಹೀರಿಕೆಯನ್ನು (ಬ್ಯಾಕ್ಟೀರಿಯಾ ಪ್ರೋಟೀನ್ ಕಟ್ಟಲು ಈ ಅಮೈನೋ ಆಮ್ಲವನ್ನು ಎಷ್ಟು ಬೇಗ ಎಳೆದುಕೊಳ್ಳುತ್ತವೆ ಎಂಬುದನ್ನು) ಅಲ್ಪಾವಧಿಯಲ್ಲಿ ಅಳೆಯಿರಿ. ಬ್ರೆಜಿಲಿನ ರಿಯೋ ಡಿ ಜನೈರೊ ರಾಜ್ಯದ ಕರಾವಳಿ ಲಗೂನ್‌ಗಳಲ್ಲಿ (ಚಿಲಿಕಾದಂಥ ಕಡಲಂಚಿನ ಸರೋವರಗಳಲ್ಲಿ) ರಂಜಕವೇ ಮುಖ್ಯ ಕೊರತೆ ಎಂದು ಕಂಡುಬಂದಿದೆ ನಿಜ. ಆದರೆ ಅಲ್ಲಿಯ ಕಪ್ಪು ನೀರಿನ ಲಗೂನ್‌ಗಳಿಗೆ ಇಂಥ ನದಿಯ ರಾಡಿ ಬರುವುದಿಲ್ಲ. ಅಲ್ಲಿಯ ಉತ್ತರವನ್ನು ಹಾಗೇ ಇಲ್ಲಿಗೆ ತರಬೇಡಿ.

ಅಳಿವೆನೀರು:
ತುಂಬಾ ಉಪಕಾರವಾಯಿತು. ಪ್ರಮಾಣ ನೀವು ಹೇಳಿದ್ದಕ್ಕೆ ಹತ್ತಿರವೇ ಇದೆ. ಇನ್ನೊಂದು ವಿಷಯ: ಗ್ಲೂಕೋಸ್ ಮಾತ್ರ ಹಾಕಿದ್ದರಲ್ಲಿ ಸಂಖ್ಯೆ ಏರಿಲ್ಲ, ಆದರೆ ಡಾಪಿ ಬಣ್ಣದಲ್ಲಿ (ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣ) ಕೋಶಗಳು ದಪ್ಪಗೆ, ಉದ್ದಕ್ಕೆ ಕಾಣುತ್ತಿವೆ.

ಸೋಸುಹಾಳೆ:
ಮೊದಲೇ ಹೇಳಬಾರದಿತ್ತೇ! ಸಕ್ಕರೆ ಒಳಗೆ ಎಳೆದುಕೊಂಡಿವೆ, ಆದರೆ ಹೊಸ ಡಿಎನ್‌ಎ, ಆರ್‌ಎನ್‌ಎ ಕಟ್ಟಲು ರಂಜಕವೋ ಸಾರಜನಕವೋ ಸಾಲದೆ ಇಬ್ಭಾಗವಾಗಲು ಆಗದೆ ಉಬ್ಬಿ ನಿಂತಿವೆ. ಎರಡರಲ್ಲಿ ಯಾವುದು ಎಂಬುದಕ್ಕೆ ಇಂಗಾಲ–ರಂಜಕ ಹಾಕಿದ್ದನ್ನೂ ಇಂಗಾಲ–ಸಾರಜನಕ ಹಾಕಿದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಯಾವುದರಲ್ಲಿ ಕೋಶಗಳು ಮತ್ತೆ ಸಣ್ಣದಾಗಿ ಸಂಖ್ಯೆ ಏರಿದೆಯೋ ಅದೇ. ಕೆಡದಿರಲೆಂದು ಫಾರ್ಮಾಲಿನ್ ಹಾಕಿಟ್ಟ ಮಾದರಿಯಲ್ಲಿ ವಾರಗಳು ಕಳೆದಂತೆ ಕೋಶ ಕಡಿಮೆಯಾಗುತ್ತಾ ಹೋಗುತ್ತದೆ, ಎಣಿಕೆಯನ್ನು ಮುಂದೂಡಬೇಡಿ.