ಪದಚರ್ಚೆ: ‘ವೃದ್ಧಾಶ್ರಮ’ ಬೇಡ ಅಂದ್ರೆ ಏನನ್ನೋಣ? ಜೊತೆಗೆ ಹೀಬ್ರೂವಿನ ಕಾವೋದ್, ತ್ಸೆದಾಕಾ

ಎಲ್ಲರಿಗೂ ನಮಸ್ಕಾರ.

ಎರಡು ಪುಟದ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರಬೇಕಾಗಿದೆ. ಎರಡೇ ಪುಟ ತಾನೇ ಅಂತ ಒಪ್ಪಿಕೊಂಡೆ. ಮೂರು ವಾರ ಆಯಿತು, ಇನ್ನೂ ಮೊದಲ ಸಾಲಿನಲ್ಲೇ ಕೂತಿದ್ದೇನೆ. ನಿಮ್ಮ ಸಹಾಯ ಬೇಕು.

ನಾನು ನ್ಯೂಜೆರ್ಸಿಯಲ್ಲಿ ವಯಸ್ಸಾದವರು ಇರುವ ಒಂದು ಮನೆಯಲ್ಲಿ ಕೆಲಸ ಮಾಡುತ್ತೇನೆ. ನಡೆಸುವವರು ಯಹೂದಿಗಳು, ಆದರೆ ಯಾವ ಜಾತಿ ಧರ್ಮದವರು ಬೇಕಾದರೂ ಬಂದು ಇರಬಹುದು. ಈ ವರ್ಷ ಹಾಸನ ಕಡೆಯ ಒಬ್ಬರು ಅಜ್ಜಿ ಬಂದಿದ್ದಾರೆ. ಇಂಗ್ಲಿಷ್ ಮಾತು ಅರ್ಥವಾಗುತ್ತೆ, ಆದರೆ ಓದುವುದು ಕನ್ನಡ ಮಾತ್ರ. ಸೇರುವ ದಿನ ಎಲ್ಲರಿಗೂ ಕೊಡುವ ಕೈಪಿಡಿಯನ್ನು ಅವರಿಗೂ ಕೊಟ್ಟರು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗಿಟ್ಟರು. "ಇದರಲ್ಲಿ ಏನು ಬರೆದವ್ರೆ ಅಂತ ನಂಗೂ ಗೊತ್ತಾಗಬೇಡ್ವೇನಮ್ಮ?"

ಮೊದಲ ಸಾಲಿಗೆ ನಾನು ಮಾಡಿದ ಅನುವಾದ ಹೀಗಿತ್ತು: "ನಮ್ಮದು ಯಹೂದಿ ಮೌಲ್ಯಗಳಂತೆ ನಡೆಯುವ, ಲಾಭರಹಿತ ವೃದ್ಧಾಶ್ರಮ." ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಒಂದೊಂದು ಪದವೂ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಸಿಗುತ್ತಿದೆ.

ಕೊನೆಯ ಪದದಿಂದ ಶುರು ಮಾಡುತ್ತೇನೆ. ಈ ಸಾಲನ್ನು ಅಜ್ಜಿಗೆ ಓದಿ ಹೇಳಿದೆ. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. "ಹಂಗಾದ್ರೆ ನನ್ನ ವೃದ್ಧಾಶ್ರಮಕ್ಕೆ ಹಾಕವ್ರೆ ಅನ್ನು." ಅಲ್ಲಿವರೆಗೆ ಅವರು ಇದನ್ನು ‘ಹೋಮ್’ ಅನ್ನುತ್ತಿದ್ದರು, ಏನೂ ಬೇಸರ ಇರಲಿಲ್ಲ. ‘ವೃದ್ಧ’ದಲ್ಲೂ ತಪ್ಪಿಲ್ಲ, ‘ಆಶ್ರಮ’ದಲ್ಲೂ ತಪ್ಪಿಲ್ಲ. ಎರಡೂ ಕೂಡಿದರೆ ಮಾತ್ರ, ಮಕ್ಕಳು ಕೈಬಿಟ್ಟವರ ಜಾಗ ಅನ್ನೋ ಅರ್ಥ ತಾನಾಗಿ ಬಂದು ಕೂರುತ್ತೆ. ನಮ್ಮ ಸಿನಿಮಾ, ಧಾರಾವಾಹಿಗಳು ಆ ಕೆಲಸವನ್ನು ಚೆನ್ನಾಗಿಯೇ ಮಾಡಿವೆ.

ಅಜ್ಜಿ ಬಳಸಿದ ಕ್ರಿಯಾಪದವನ್ನೂ ಗಮನಿಸಿ. ಸ್ಕೂಲಿಗೆ ಹಾಕುತ್ತೇವೆ, ಹಾಸ್ಟೆಲಿಗೆ ಹಾಕುತ್ತೇವೆ, ಜೈಲಿಗೆ ಹಾಕುತ್ತೇವೆ. ಮನುಷ್ಯರನ್ನು ‘ಹಾಕುವುದು’ ಅಂದರೆ ಅಲ್ಲಿ ಅವರ ಮಾತು ನಡೆಯುವುದಿಲ್ಲ ಅಂತಲೇ. ಯಹೂದಿಗಳ ಧರ್ಮಗ್ರಂಥದ ಭಾಷೆ ಹೀಬ್ರೂ. ಆ ಹೀಬ್ರೂ ಬೈಬಲಿನ ಕೀರ್ತನೆಗಳಲ್ಲಿ (71ನೆಯದು) ಒಂದು ಮೊರೆ ಇದೆ: "ಅಲ್ ತಶ್ಲಿಖೇನಿ ಲೇಏತ್ ಝಿಕ್ನಾ." ಮುಪ್ಪಿನ ಕಾಲದಲ್ಲಿ ನನ್ನನ್ನು ಎಸೆಯಬೇಡ ಅಂತ. ಅಲ್ಲಿರುವ ಧಾತುವಿಗೆ ಎಸೆ, ಬಿಸಾಡು ಅಂತಲೇ ಅರ್ಥ. ಯೋಮ್ ಕಿಪ್ಪುರ್ ಉಪವಾಸದ ದಿನ ಇದನ್ನೇ ‘ನನ್ನನ್ನು’ ಬಿಟ್ಟು ‘ನಮ್ಮನ್ನು’ ಅಂತ ಬಹುವಚನದಲ್ಲಿ ಎಲ್ಲರೂ ಸೇರಿ ಹೇಳುತ್ತಾರೆ. ಅಜ್ಜಿಯ ‘ಹಾಕವ್ರೆ’ ಕೇಳಿದಾಗ ನನಗೆ ನೆನಪಾಗಿದ್ದು ಅದೇ.

ಹೀಬ್ರೂದವರು ಇಂಥ ಮನೆಗೆ ಏನಂತಾರೆ ಅಂತ ನೋಡಿದೆ. ಹಳೇ ಮಾತು ‘ಮೋಶವ್ ಝ್ಕೇನಿಮ್’, ಅಂದರೆ ಮುದುಕರು ನೆಲೆಸುವ ಜಾಗ. ಇಸ್ರೇಲಿನಲ್ಲಿ ಆಮೇಲೆ ಬಳಕೆಗೆ ಬಂದಿದ್ದು ‘ಬೇತ್ ಅವೋತ್’. ಬೇತ್ ಅಂದರೆ ಮನೆ. ಅವೋತ್ ಅಂದರೆ ಅಪ್ಪಂದಿರು, ಹಾಗೇ ಪೂರ್ವಿಕರು ಕೂಡ. ಯಹೂದಿಗಳ ಮೂಲಪುರುಷರಾದ ಅಬ್ರಹಾಂ, ಇಸಾಕ್, ಯಾಕೋಬರನ್ನು ಕರೆಯುವುದೂ ಅವೋತ್ ಅಂತಲೇ. ಇದಕ್ಕೆ ಕನ್ನಡದಲ್ಲಿ ಹೇಳಿ ಮಾಡಿಸಿದ ಹಾಗೆ ‘ಹಿರಿಯರ ಮನೆ’ ಇದೆಯಲ್ಲ ಅಂತ ಕುಣಿದೆ. ಊರಿಗೆ ಫೋನ್ ಮಾಡಿ ನಮ್ಮ ದೊಡ್ಡಮ್ಮನ ಮುಂದೆ ಹೇಳಿದರೆ, "ಹಿರಿಯರ ಮನೆ ಅಂದ್ರೆ ಯಾವ್ದೇ? ಎಡೆ ಇಡೋ ಮನೇನಾ?" ಅಂದರು. ಸರಿಯೇ. ನಮ್ಮಲ್ಲೂ ಹಿರಿಯರು ಅಂದರೆ ತೀರಿಕೊಂಡವರು. ಹಿರಿಯರ ಹಬ್ಬ, ಹಿರಿಯರಿಗೆ ಎಡೆ ಇಡುವುದು, ಎಲ್ಲ ಇದೆ. ಹೀಬ್ರೂದಲ್ಲಿರುವ ಎರಡು ಅರ್ಥ ನಮ್ಮಲ್ಲೂ ಹಾಗೇ ಇದೆ, ಅಷ್ಟು ಚೆನ್ನಾಗಿ ಹೊಂದಿಕೊಂಡು ನನಗೆ ತೊಂದರೆ ಕೊಡುತ್ತಿದೆ! ಆದರೂ ಸದ್ಯಕ್ಕೆ ನನ್ನ ಓಟು ಇದಕ್ಕೇ.

ಇನ್ನು ‘ಮೌಲ್ಯ’. ಈ ಪದ ಕಂಡರೆ ನನಗೆ ಸ್ಕೂಲಿನ ನೀತಿಪಾಠದ ಪೀರಿಯಡ್ ನೆನಪಾಗುತ್ತೆ. ಅದಕ್ಕಿಂತ ಹೆಚ್ಚಾಗಿ, ಮೌಲ್ಯ ಅಂದರೆ ಬೆಲೆ. ಈಗಿನ ಹೀಬ್ರೂದಲ್ಲೂ ಕತೆ ಇದೇ: ‘ಎರೆಖ್’ ಅಂದರೆ ಮೌಲ್ಯವೂ ಹೌದು, ಬೆಲೆಯೂ ಹೌದು. ಬೈಬಲಿನ ಯಾಜಕಕಾಂಡದ 27ನೆಯ ಅಧ್ಯಾಯದಲ್ಲಿ, ಒಬ್ಬ ಮನುಷ್ಯನ ಎರೆಖ್ ಅನ್ನು ದೇವಾಲಯಕ್ಕೆ ಹರಕೆ ಹೊತ್ತರೆ ಎಷ್ಟು ಕೊಡಬೇಕು ಅನ್ನುವ ಪಟ್ಟಿ ಇದೆ. ಇಪ್ಪತ್ತರಿಂದ ಅರವತ್ತರವರೆಗಿನ ಗಂಡಸಿಗೆ 50 ಶೆಕೆಲ್ ಬೆಳ್ಳಿ. ಅರವತ್ತು ದಾಟಿದರೆ 15. ಹೆಂಗಸಿಗೆ 30 ಇದ್ದದ್ದು 10ಕ್ಕೆ ಇಳಿಯುತ್ತೆ. ಎಂಬತ್ತು ದಾಟಿದವರ ಕೈಗೆ ಕೊಡುವ ಪುಸ್ತಕದಲ್ಲಿ ಬೆಲೆಯ ಮಾತು ಬೇಡ ಅಂತ ನನ್ನ ಮನಸ್ಸು.

ಅದೇ ಯಾಜಕಕಾಂಡದಲ್ಲಿ, ಎಂಟು ಅಧ್ಯಾಯ ಹಿಂದೆ, ಇನ್ನೊಂದು ಮಾತಿದೆ: ನರೆತ ತಲೆಯ ಮುಂದೆ ಎದ್ದು ನಿಲ್ಲು, ಮುದುಕರ ಮುಖಕ್ಕೆ ಮರ್ಯಾದೆ ಕೊಡು. ಇಸ್ರೇಲಿನ ಬಸ್ಸುಗಳಲ್ಲಿ ಮುಂದಿನ ಸೀಟಿನ ಹತ್ತಿರ ಇದರ ಮೊದಲರ್ಧವನ್ನು ಅಂಟಿಸಿರುತ್ತಾರೆ. ನಮ್ಮ ಬಸ್ಸಿನ ‘ಹಿರಿಯ ನಾಗರಿಕರಿಗೆ’ ಬೋರ್ಡಿನ ಹಾಗೆ, ಆದರೆ ಅಪ್ಪಣೆ ದೇವರದ್ದು. ಎದ್ದು ನಿಲ್ಲಬೇಕಾದ್ದು ಯಾರಿಗೆ, ತಿಳಿದವರಿಗೆ ಮಾತ್ರವೋ ಎಲ್ಲ ಮುದುಕರಿಗೂನೋ ಅಂತ ತಾಲ್ಮುದ್‌ನಲ್ಲಿ (ಯಹೂದಿ ಗುರುಗಳ ಚರ್ಚೆಗಳ ಹಳೇ ಸಂಗ್ರಹ) ಜಗಳವೇ ನಡೆದಿದೆ. ಅದರಲ್ಲಿ ಬರುವ ಗುರು ರಬ್ಬಿ ಯೋಹಾನಾನ್ ಯಹೂದಿಯರಲ್ಲದ ಮುದುಕರು ಬಂದರೂ ಏಳುತ್ತಿದ್ದರಂತೆ. ಈ ಜೀವಗಳು ಏನೇನು ಕಂಡುಬಂದಿವೆಯೋ ಅನ್ನುತ್ತಿದ್ದರಂತೆ. ಹಾಸನದ ಅಜ್ಜಿಗೆ ಇಲ್ಲಿ ಜಾಗ ಸಿಕ್ಕಿದ್ದಕ್ಕೆ ಬೇರು ಅಲ್ಲಿದೆ ಅಂದುಕೊಂಡಿದ್ದೇನೆ.

‘ಮೌಲ್ಯ’ದ ಬದಲು ನನಗೆ ಹೊಳೆದದ್ದು ‘ನಡೆ’. ಯಹೂದಿ ಕಟ್ಟಳೆಗಳಿಗೆ ಒಟ್ಟಾಗಿ ‘ಹಲಾಖಾ’ ಅಂತಾರೆ. ಅದು ಹುಟ್ಟಿದ್ದು ‘ಹಲಖ್’ ಅನ್ನುವ ಧಾತುವಿನಿಂದ. ಅರ್ಥ, ನಡೆ. ನಮ್ಮ ನಡತೆ, ನಡವಳಿಕೆ, ನಡೆ-ನುಡಿ ಎಲ್ಲ ಕಾಲಿನಿಂದಲೇ ಬಂದವಲ್ವಾ? "ಯಹೂದಿ ನಡೆಯಂತೆ ನಡೆಯುವ ಮನೆ." ಕಿವಿಗೆ ಹೇಗಿದೆ ಹೇಳಿ.

‘ಲಾಭರಹಿತ’ ಓದಿದಾಗ ಅಜ್ಜಿ ಪಾಪ, "ನಷ್ಟದಲ್ಲಿದ್ದಾರಾ?" ಅಂದರು. ಕನ್ನಡದಲ್ಲಿ "ಏನೂ ಲಾಭ ಇಲ್ಲ" ಅಂದರೆ ಪ್ರಯೋಜನ ಇಲ್ಲ ಅಂತ. ‘ಲಾಭದ ಉದ್ದೇಶವಿಲ್ಲದ’ ಅನ್ನುವುದು ವಾಸಿ, ಆದರೂ ಸರ್ಕಾರಿ ಸುತ್ತೋಲೆಯ ಹಾಗಿದೆ. ಇಂಥ ಸಂಸ್ಥೆಯಲ್ಲಿ ವರ್ಷದ ಕೊನೆಗೆ ದುಡ್ಡು ಉಳಿಯಬಾರದು ಅಂತೇನಿಲ್ಲ. ಉಳಿದದ್ದನ್ನು ಯಾರೂ ಜೇಬಿಗಿಳಿಸುವ ಹಾಗಿಲ್ಲ, ಅಷ್ಟೇ. ಅದು ಮತ್ತೆ ಮನೆಗೇ ಹೋಗಬೇಕು. ಅದಕ್ಕೇ ‘ಲಾಭ ಹಂಚಿಕೊಳ್ಳದ ಸಂಸ್ಥೆ’ ಅಂತ ಬರೆದಿದ್ದೇನೆ. ಯಾರಾದರೂ ಲೆಕ್ಕಪತ್ರದವರು ಇದ್ದರೆ ಸರಿಯೋ ತಪ್ಪೋ ಹೇಳಿ.

ದುಡ್ಡಿನ ಮಾತು ಬಂದಮೇಲೆ ‘ತ್ಸೆದಾಕಾ’ ಬಿಡುವ ಹಾಗಿಲ್ಲ. ಇಲ್ಲಿ ಕೈಲಾದವರು ಪೂರ್ತಿ ಫೀಸು ಕಟ್ಟುತ್ತಾರೆ. ಆಗದವರಿಗೆ ಮೆಡಿಕೇಡ್ ಅನ್ನುವ ಸರ್ಕಾರದ ಆರೋಗ್ಯ ಯೋಜನೆ ಕೊಡುತ್ತೆ, ಅದು ಖರ್ಚಿಗೆ ಸಾಲುವುದಿಲ್ಲ. ಮಿಕ್ಕಿದ್ದು ತ್ಸೆದಾಕಾದಿಂದ ಬರಬೇಕು. ನಿಘಂಟು ನೋಡಿದರೆ ‘ದಾನ’ ಅನ್ನುತ್ತೆ. ಆದರೆ ಮೂಲಧಾತು ‘ತ್ಸೆದೆಕ್’, ಅಂದರೆ ನ್ಯಾಯ. ಕೊಟ್ಟವರು ದೊಡ್ಡವರಲ್ಲ, ಕೊಡದಿದ್ದರೆ ಅನ್ಯಾಯ. ‘ದಾನ’ದಲ್ಲಿ ಈ ಅರ್ಥ ಸಿಗಲ್ಲ. ಸಿಗುವುದು ‘ಧರ್ಮ’ದಲ್ಲಿ! "ಧರ್ಮ ಮಾಡಿ ತಾಯಿ" ಅಂತ ಬಾಗಿಲಲ್ಲಿ ಕೂಗುತ್ತಿದ್ದರಲ್ಲ, ಅದು. ಧರ್ಮಛತ್ರ, ಧರ್ಮಾಸ್ಪತ್ರೆ ಅನ್ನುವಾಗಿನ ಧರ್ಮ. ನ್ಯಾಯವೂ ಅದೇ, ಕೊಡುವುದೂ ಅದೇ. ಈಗ ಧರ್ಮ ಅಂದ ಕೂಡಲೇ ಜನರಿಗೆ ಮತ-ಧರ್ಮವೇ ತಲೆಗೆ ಬರುತ್ತೆ, ಅದೊಂದೇ ಕಷ್ಟ. ‘ದಾಸೋಹ’ ಅಂತ ಗೆಳೆಯರೊಬ್ಬರು ಹೇಳಿದರು. ಕೊಡುವವನೇ ಆಳು ಅನ್ನೋ ಭಾವ ಅದರಲ್ಲಿದೆ, ನಿಜ. ಆದರೆ ಶರಣರ ಪದವನ್ನು ತಂದು ಯಹೂದಿಯರ ಬಾಯಲ್ಲಿಡುವುದು ನನಗೆ ಒಗ್ಗಲಿಲ್ಲ.

ಯಹೂದಿ ಪಂಡಿತ ಮೈಮೋನಿಡಿಸ್ 12ನೆಯ ಶತಮಾನದಲ್ಲಿ ತ್ಸೆದಾಕಾಕ್ಕೆ ಎಂಟು ಮೆಟ್ಟಿಲು ಹೇಳಿದ್ದಾರೆ. ಎಲ್ಲಕ್ಕಿಂತ ಮೇಲಿನದು, ಇನ್ನೊಮ್ಮೆ ಕೈಚಾಚದ ಹಾಗೆ ಒಬ್ಬರನ್ನು ಕಾಲ ಮೇಲೆ ನಿಲ್ಲಿಸುವುದು. ಅದರ ಕೆಳಗಿನದು, ಕೊಟ್ಟವರಾರು ಪಡೆದವರಾರು ಒಬ್ಬರಿಗೊಬ್ಬರಿಗೆ ತಿಳಿಯದಿರುವುದು. ಇಷ್ಟು ಓದಿ ತಲೆ ಎತ್ತಿದರೆ, ನಮ್ಮ ಹಜಾರದ ಗೋಡೆ ತುಂಬಾ ದಾನಿಗಳ ಹೆಸರಿನ ಫಲಕಗಳು. ನಮ್ಮೂರ ಗುಡಿಯ ಟ್ಯೂಬ್‌ಲೈಟೇ ನೆನಪಾಯಿತು. ಸೇವಾರ್ಥದವರ ಹೆಸರು ಬರೆದು ಬರೆದು ಬೆಳಕಿಗೇ ಜಾಗ ಇರಲಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಪದ: ‘ಕಾವೋದ್’. ಕೈಪಿಡಿಯಲ್ಲಿ ಹನ್ನೊಂದು ಸಲ ಬರುತ್ತೆ. ತಂದೆತಾಯಿಗೆ ಕೊಡಬೇಕಾದದ್ದು ಅದೇ ಧಾತುವಿನ ‘ಕಬೇದ್’, ಬೈಬಲಿನ ದಶಾಜ್ಞೆಯಲ್ಲಿರುವುದು. ಮೂಲ ಅರ್ಥ ಭಾರ, ತೂಕ. ಮೈಯೊಳಗಿನ ಭಾರವಾದ ಅಂಗ ಅಂತ ಪಿತ್ತಜನಕಾಂಗಕ್ಕೂ ಹೀಬ್ರೂದಲ್ಲಿ ‘ಕಾವೇದ್’ ಅಂತಲೇ ಹೆಸರು. ‘ಗೌರವ’ ಅಂತ ಸುಮ್ನೆ ಬರೆದು ಮುಂದೆ ಹೋಗುವವಳಿದ್ದೆ. ಆಮೇಲೆ ಹೊಳೆಯಿತು. ಗೌರವ ಬಂದಿದ್ದೇ ‘ಗುರು’ವಿನಿಂದ. ಗುರು ಅಂದರೆ ಭಾರ. ಛಂದಸ್ಸಿನಲ್ಲಿ ಲಘು-ಗುರು ಹಾಕಿದ್ದೇವೆ, ವಿಜ್ಞಾನದಲ್ಲಿ ಗುರುತ್ವಾಕರ್ಷಣೆ ಓದಿದ್ದೇವೆ. ಎಲ್ಲೋ ಹುಟ್ಟಿದ ಎರಡು ಪದ, ಒಂದೇ ತಕ್ಕಡಿ!

ಇದರ ಎದುರು ಪದ ಇನ್ನೂ ಚೆನ್ನಾಗಿದೆ. ತಂದೆತಾಯಿಗೆ ಶಾಪ ಹಾಕುವವನ ಬಗ್ಗೆ ಬೈಬಲಿನ ವಿಮೋಚನಕಾಂಡದಲ್ಲಿ ಬರುವ ಪದ ‘ಮೆಕಲ್ಲೆಲ್’. ಧಾತು ‘ಕಲ್’, ಅಂದರೆ ಹಗುರ. "ದೊಡ್ಡವರ ಬಗ್ಗೆ ಹಗುರವಾಗಿ ಮಾತಾಡಬೇಡ" ಅಂತ ನಮ್ಮಮ್ಮ ಬಯ್ಯುತ್ತಿದ್ದದ್ದು ಇದೇ ಅಲ್ವಾ? ಈಗ ‘ಗೌರವ’ದೊಳಗಿನ ಭಾರ ಯಾರಿಗೂ ಕೇಳಿಸಲ್ಲ, ಸವೆದುಹೋಗಿದೆ. ಅದಕ್ಕೇ ಕೈಪಿಡಿಯಲ್ಲಿ ಒಂದು ಕಡೆಯಾದರೂ "ಇಲ್ಲಿ ಯಾರನ್ನೂ ಹಗುರವಾಗಿ ಕಾಣುವುದಿಲ್ಲ" ಅಂತ ಬರೆಯಬೇಕು ಅಂದುಕೊಂಡಿದ್ದೇನೆ. ಹನ್ನೊಂದು ಗೌರವಕ್ಕಿಂತ ಆ ಒಂದು ಸಾಲು ಜಾಸ್ತಿ ಕೆಲಸ ಮಾಡುತ್ತೆ ಅಂತ ನನ್ನ ನಂಬಿಕೆ.

ಮಾತಿನ ತೂಕದ ಬಗ್ಗೆ ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಪಾಠ ಆಗಿತ್ತು. ನಾಜಿ ಶಿಬಿರಗಳಿಂದ ಬದುಕಿ ಬಂದವರು ಕೆಲವರು ಇನ್ನೂ ಇದ್ದಾರೆ. ಅವರ ಹತ್ತಿರ ‘ಶವರ್’ ಅನ್ನಬಾರದು, ಸಾಲಾಗಿ ನಿಲ್ಲಿಸಬಾರದು. ಆ ಶಿಬಿರಗಳಲ್ಲಿ ವಿಷಗಾಳಿಯ ಕೋಣೆಗೆ ಜನರನ್ನು ಕಳಿಸುತ್ತಿದ್ದದ್ದು ಶವರ್ ಅಂತ ಹೇಳಿಯೇ. ಒಬ್ಬರ ದಿಂಬಿನ ಕೆಳಗೆ ದಿನಾ ಎರಡು ಚೂರು ಬ್ರೆಡ್ ಇರುತ್ತಿತ್ತು. ಹಳೆಯದನ್ನು ತೆಗೆದರೆ, ಆ ಜಾಗಕ್ಕೆ ಅವರ ಕಣ್ಣೆದುರೇ ಹೊಸದನ್ನು ಇಡಬೇಕಿತ್ತು.

ಕೆಲವು ಪದ ಬೇಗ ಆದವು. ಕಾಯಿಲೆಯವರನ್ನು ನೋಡಲು ಹೋಗುವ ‘ಬಿಕ್ಕುರ್ ಖೋಲಿಮ್’ಗೆ ‘ರೋಗಿ ಭೇಟಿ’ ಬೇಡವೇ ಬೇಡ. ನಮ್ಮಲ್ಲಿ "ಹೋಗಿ ಮಾತಾಡಿಸಿಕೊಂಡು ಬಾ" ಅನ್ನುತ್ತೇವೆ. ಹಾಗೆ ಹೋದವರು ನೋವಿನಲ್ಲಿ ಅರವತ್ತನೆಯ ಒಂದು ಪಾಲನ್ನು ತೆಗೆದುಕೊಂಡು ಹೋಗುತ್ತಾರೆ ಅಂತ ತಾಲ್ಮುದ್ ಹೇಳುತ್ತೆ. ‘ಕೋಷರ್’ಗೆ ‘ಮಡಿ’ ಅಂತ ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ಮಡಿ ಮೈಗೆ, ಬಟ್ಟೆಗೆ. ಕೋಷರ್ ಅಂದರೆ ತಕ್ಕದ್ದು, ಸಲ್ಲುವಂಥದ್ದು. ‘ಸಲ್ಲುವ ಊಟ’ ಅಂದು, ಹಾಲಿನ ಅಡುಗೆಗೂ ಮಾಂಸದ ಅಡುಗೆಗೂ ಪಾತ್ರೆ ಬೇರೆ ಬೇರೆ ಅಂತ ಒಂದು ಸಾಲು ಸೇರಿಸಿದೆ. ಶುಕ್ರವಾರ ಸಂಜೆ ಶುರುವಾಗುವ ವಾರದ ವಿಶ್ರಾಂತಿ ದಿನ ‘ಸಬ್ಬತ್’ ಅನ್ನು ಹಾಗೇ ಇಟ್ಟೆ. ಅಜ್ಜಿಗೆ ವಿವರಿಸುವುದೇ ಬೇಕಾಗಲಿಲ್ಲ. ಶುಕ್ರವಾರ ಸಂಜೆ ಎಲ್ಲ ಹೆಂಗಸರೂ ಕರೆಂಟಿನ ಮೊಂಬತ್ತಿ ಹಚ್ಚಿದಾಗ (ಆಕ್ಸಿಜನ್ ಹಾಕಿಕೊಂಡವರು ಇರುತ್ತಾರೆ, ನಿಜವಾದ ಬೆಂಕಿ ಹಚ್ಚುವಂತಿಲ್ಲ) ಅಜ್ಜಿ ತಲೆ ಮೇಲೆ ಸೆರಗು ಎಳೆದುಕೊಂಡರು. "ಇವ್ರಿಗೂ ಶುಕ್ರವಾರದ ದೀಪನೇ."

ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ಒಂದೇ ಕಡೆ. ಇಲ್ಲಿ ಇರುವವರನ್ನು ಏನಂತ ಕರೆಯುವುದು? ‘ರೋಗಿ’ ಅಲ್ಲ, ಎಲ್ಲರಿಗೂ ಕಾಯಿಲೆ ಇಲ್ಲ. ‘ಆಶ್ರಮವಾಸಿ’ ಅಂದರೆ ಮತ್ತೆ ಆಶ್ರಮ. ‘ನಿವಾಸಿ’ ಜನಗಣತಿಯ ಪದ. ‘ಮನೆಯವರು’ ಚೆಂದ ಇದೆ, ಆದರೆ "ನಮ್ಮನೆಯವರು" ಅಂದರೆ ಗಂಡ ಅಂತಾಗುತ್ತೆ, ಅಜ್ಜಿ ನಕ್ಕು ನಕ್ಕು ಸಾಕಾದರು. ಹೀಬ್ರೂದಲ್ಲಿ ‘ದಯಾರ್’ ಅಂತಾರೆ, ಬಾಡಿಗೆಗೆ ಇರುವವರಿಗೂ ಅದೇ ಪದ. ಅದಕ್ಕೆ ಸರಿಯಾಗಿ ನಮ್ಮ ‘ಒಕ್ಕಲು’ ಇದೆ. ಆದರೆ ಅದನ್ನು ಕೇಳಿದರೆ ಜನ ಜಾತಿ ಯೋಚಿಸುತ್ತಾರೋ, ಗೇಣಿ ಯೋಚಿಸುತ್ತಾರೋ ಅಂತ ಹೆದರಿಕೆ.

ಅಜ್ಜಿಯನ್ನೇ ಕೇಳಿದೆ, ನಿಮ್ಮನ್ನು ಏನಂತ ಬರೆಯಲಿ ಅಂತ. "ನಾನು ಇಲ್ಲಿ ಬಿಡಾರ ಹೂಡಿದೀನಿ ಅಂತ ಬರಿ" ಅಂದರು. ಬಿಡಾರ ಹೂಡಿದವರಿಗೆ ಒಂದು ಪದ ಇದೆಯಾ? ಉತ್ತರ ಕರ್ನಾಟಕದವರು, ಕರಾವಳಿಯವರು ಏನಂತೀರಿ? ಮುಂದಿನ ತಿಂಗಳ ಮೊದಲ ವಾರ ಅಚ್ಚಿಗೆ ಹೋಗಬೇಕು.