ಹಲ್ಲು, ದವಡೆ ಸರ್ಜರಿ: ನಿಮ್ಮ ಪ್ರಶ್ನೆ, ಡಾಕ್ಟ್ರ ಉತ್ತರ

ಅಡ್ಮಿನ್: ನಮ್ಮ ಗುಂಪಿನಲ್ಲೇ ಇರುವ ಬಾಯಿ–ದವಡೆ ಸರ್ಜನ್ ಇವತ್ತು ರಾತ್ರಿ ಉತ್ತರ ಕೊಡುತ್ತಾರೆ. ಹೆಸರು ಬೇಡ, ಊರು ಹಾಕಿ ಕೇಳಿ.

ಸುರತ್ಕಲ್: ಬುದ್ಧಿ ಹಲ್ಲು ಅಡ್ಡ ಬೆಳೆದಿದೆ, ಸರ್ಜರಿ ಆಗಬೇಕಂತೆ. ಮೊದಲ ದಿನವೇ ತೆಗೆಯುತ್ತಾರಾ ಸರ್? ಹೆದರಿಕೆ ಆಗ್ತದೆ.

ಡಾಕ್ಟ್ರು: ಹೆಚ್ಚಾಗಿ ಇಲ್ಲ. ಮೊದಲ ದಿನ ಮಾತು, ಪರೀಕ್ಷೆ, ಎಕ್ಸ್‌ರೇ. ಎರಡೂ ದವಡೆ ಒಟ್ಟಿಗೆ ಕಾಣುವ ಓಪಿಜಿ ತೆಗೆಸುತ್ತಾರೆ. ಕೆಳದವಡೆಯ ಒಳಗೆ ತುಟಿಗೆ, ಗದ್ದಕ್ಕೆ ಹೋಗುವ ನರ ಉಂಟು. ಬೇರು ಅದಕ್ಕೆ ತಾಗಿದ ಹಾಗೆ ಕಂಡರೆ ಸಿಬಿಸಿಟಿ ಅನ್ನುವ 3ಡಿ ಸ್ಕ್ಯಾನ್ ಹೇಳಬಹುದು. ತುಟಿ ಜೋಮು ಹಿಡಿಯುವ ಸಾಧ್ಯತೆ ಇದೆಯಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಮರಗಟ್ಟಿಸಿದ ಮೇಲೆ ಒತ್ತುವುದು, ಎಳೆಯುವುದು ಗೊತ್ತಾಗುತ್ತದೆ. ನೋವು ಆಗಬಾರದು. ನೋವಾದರೆ ಕೈ ಎತ್ತಿ, ಇನ್ನೊಂದು ಇಂಜೆಕ್ಷನ್ ಕೊಡುತ್ತಾರೆ.

ಬ್ರಹ್ಮಾವರ: ಅಮ್ಮನಿಗೆ 68. ಕೆಳಗಿನ ದವಡೆ ಹಲ್ಲು ಅಲುಗಾಡ್ತಾ ಉಂಟು, ನಾಡಿದ್ದು ತೆಗೆಸುವುದು. ಮೂಳೆ ಟೊಳ್ಳಾಗಿದೆ ಅಂತ ವರ್ಷಕ್ಕೊಂದು ಡ್ರಿಪ್ ಹಾಕಿಸುತ್ತೇವೆ. ಅದನ್ನು ಹಲ್ಲಿನ ಡಾಕ್ಟ್ರಿಗೆ ಹೇಳಬೇಕಾ?

ಡಾಕ್ಟ್ರು: ಹೇಳಲೇಬೇಕು. ನಾಳೆ ಬೆಳಿಗ್ಗೆಯೇ ಫೋನ್ ಮಾಡಿ. ಆ ಡ್ರಿಪ್ ಹೆಚ್ಚಾಗಿ ಜೋಲೆಡ್ರೊನಿಕ್ ಆಸಿಡ್ ಆಗಿರುತ್ತದೆ. ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್ ಮಾತ್ರೆಯೂ ಅದೇ ಗುಂಪಿನದ್ದು. ಒಳ್ಳೆಯ ಔಷಧಿಯೇ. ಮೂಳೆ ಕರಗುವುದನ್ನು ತಡೆದು, ಸೊಂಟ, ಬೆನ್ನು ಮುರಿಯದ ಹಾಗೆ ಕಾಯುತ್ತದೆ. ಆದರೆ ಹಲ್ಲು ತೆಗೆದ ಗುಳಿ ತುಂಬಬೇಕಾದರೆ ಹಳೆ ಮೂಳೆ ಸ್ವಲ್ಪ ಕರಗಿ ಹೊಸತು ಬರಬೇಕು, ಅಲ್ವಾ? ಅದು ನಿಧಾನವಾಗುತ್ತದೆ. ಅಪರೂಪಕ್ಕೆ ಗಾಯ ಮುಚ್ಚುವುದೇ ಇಲ್ಲ. ದವಡೆ ಮೂಳೆ ಬಾಯೊಳಗೆ ತೆರೆದೇ ಉಳಿಯುತ್ತದೆ, ಕೀವಾಗುತ್ತದೆ. 8 ವಾರ ಕಳೆದರೂ ಹಾಗೇ ಇದ್ದರೆ ಗುಣ ಮಾಡುವುದು ತುಂಬಾ ಕಷ್ಟ.

ಗಾಬರಿ ಬೇಡ. ಮೂಳೆ ಟೊಳ್ಳಿಗೆ ಕೊಡುವ ಪ್ರಮಾಣದಲ್ಲಿ ಅಪಾಯ ಬಹಳ ಕಡಿಮೆ. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಇದನ್ನೇ ಪದೇಪದೇ ಕೊಡುತ್ತಾರೆ, ಅಲ್ಲಿ ಜಾಸ್ತಿ. ನೀವಾಗಿ ಯಾವ ಔಷಧಿಯನ್ನೂ ನಿಲ್ಲಿಸಬೇಡಿ. ಮೂಳೆ ಟೊಳ್ಳಿಗೆ 6 ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ ಅಂತೂ ತಪ್ಪಿಸಲೇಬಾರದು, ಬೆನ್ನುಮೂಳೆ ಮುರಿಯಬಹುದು. ಎಷ್ಟು ವರ್ಷದಿಂದ ಡ್ರಿಪ್? ಶುಗರ್ ಉಂಟಾ? ಸ್ಟೆರಾಯ್ಡ್?

ಬ್ರಹ್ಮಾವರ: 4 ವರ್ಷ ಆಯ್ತು. ಶುಗರ್ ಉಂಟು. ಮೂಳೆಯ ಡ್ರಿಪ್ಪಿಗೂ ಹಲ್ಲಿಗೂ ಎಂತ ಸಂಬಂಧ ಅಂತ ನಾವು ಹೇಳಲೇ ಇಲ್ಲ.

ಡಾಕ್ಟ್ರು: ಹಲ್ಲಿನವರೂ ಡ್ರಿಪ್ ಬರೆದವರೂ ಒಮ್ಮೆ ಮಾತಾಡಲಿ, ಅಲ್ಲಿವರೆಗೆ ತೆಗೆಸಬೇಡಿ. ಕೀವು, ಬಾವು, ಜ್ವರ ಇದ್ದರೆ ಮಾತ್ರ ಕಾಯಬೇಡಿ. ಬೇಕಾದರೆ ಮಣಿಪಾಲದ ಡೆಂಟಲ್ ಕಾಲೇಜಿನ ಓರಲ್ ಸರ್ಜರಿ ವಿಭಾಗಕ್ಕೆ ಕರೆದುಕೊಂಡು ಹೋಗಿ. ಹಳೆಯ ಚೀಟಿಗಳೆಲ್ಲ ಕೈಯಲ್ಲಿರಲಿ.

ಕಾಪು: ಒಂದು ಫಾರ್ವರ್ಡ್ ಬಂದಿದೆ. ಎಕ್ಕದ ಹಾಲು ಹತ್ತಿಯಲ್ಲಿ ಅದ್ದಿ ಇಟ್ಟರೆ ಹಲ್ಲು ತಾನಾಗಿ ಬೀಳುತ್ತದಂತೆ. ಸರ್ಜರಿಯೇ ಬೇಡ.

ಡಾಕ್ಟ್ರು: ಇಡಬೇಡಿ. ವಸಡು, ಕೆನ್ನೆ ಸುಡುತ್ತದೆ. ಕೈಯಿಂದ ಕಣ್ಣಿಗೆ ತಾಗಿದರೆ ಕಣ್ಣಿಗೂ ಅಪಾಯ. ಆಸ್ಪಿರಿನ್ ಮಾತ್ರೆ ವಸಡಿಗೆ ಒತ್ತಿ ಇಡುವುದೂ ಬೇಡ, ಅದೂ ಸುಡುತ್ತದೆ. ಈ ಫಾರ್ವರ್ಡ್ ಅಳಿಸಿ.

ಕುಂದಾಪುರ: ಮೇಲಿನ ಹಲ್ಲು ತೆಗೆಸಿದರೆ ಕಣ್ಣು ಮಂದ ಆಗ್ತದಂತೆ, ಹೌದಾ?

ಡಾಕ್ಟ್ರು: ಇಲ್ಲ. ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ.

ಕುಂದಾಪುರ: ನಮ್ಮ ದೊಡ್ಡಪ್ಪನಿಗೆ ಹಾಗೇ ಆಗಿದೆ.

ಮೂಡುಬಿದಿರೆ: ಹಲ್ಲು ತೆಗೆಸುವ ವಯಸ್ಸಿಗೇ ಕಣ್ಣಿಗೆ ಪೊರೆ ಬರುವುದು ಮಾರಾಯ್ರೆ.

ಕುಂದಾಪುರ: ನೀವು ಡಾಕ್ಟ್ರಾ?

ಕಾಪು: ಹಳಬರು ಹೇಳಿದ್ದೆಲ್ಲ ಸುಳ್ಳಾ? ದುಡ್ಡಿಗಾಗಿ ಸರ್ಜರಿ ಹೇಳುವವರೂ ಇದ್ದಾರೆ.

ಮೂಡುಬಿದಿರೆ: ಸುಡುತ್ತದೆ ಅಂತ ಡಾಕ್ಟ್ರು ಹೇಳಿದ ಮೇಲೂ ಅದೇ ಹಿಡಿದು ಕೂತಿದ್ದೀರಲ್ಲ. ಯಾರಾದರೂ ಮಾಡಿಕೊಂಡರೆ ಜವಾಬ್ದಾರಿ ನಿಮ್ಮದಾ?

ಕಾಪು: ಮಾತು ಸರಿ ಇರಲಿ.

ಮಲ್ಪೆ: ಸರ್ಜರಿ ಆದ ಮೇಲೆ ಊಟ ಎಂತದು ಸರ್?

ಡಾಕ್ಟ್ರು: ತಣಿದ ಗಂಜಿ, ಮೊಸರನ್ನ. ಕೊಟ್ಟ ಗಾಜ್ ಬಟ್ಟೆಯನ್ನು ಅರ್ಧ ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ. ಮೊದಲ ದಿನ ಉಗುಳಬೇಡಿ, ಮುಕ್ಕಳಿಸಬೇಡಿ, ಸ್ಟ್ರಾ ಬೇಡ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಬರಬಾರದು. 24 ಗಂಟೆ ಕಳೆದ ಮೇಲೆ ಬೆಚ್ಚಗಿನ ಉಪ್ಪು ನೀರು. ಬೀಡಿ, ಎಲೆ ಅಡಿಕೆ ಮುಟ್ಟಬೇಡಿ. 3ನೇ ದಿನದ ಮೇಲೆ ನೋವು ಜಾಸ್ತಿಯಾದರೆ ಹೋಗಿ ತೋರಿಸಿ.

ಉಳ್ಳಾಲ: ಸರ್ಜರಿ ನಂತರ ಎಂತ ತಿನ್ನಬಹುದು?

ಡಾಕ್ಟ್ರು: ಮೇಲೆ ಬರೆದಿದ್ದೇನೆ.

ಕಾರ್ಕಳ: ಬುದ್ಧಿ ಹಲ್ಲಿಗೆ ಖರ್ಚು ಎಷ್ಟಾಗ್ತದೆ?

ಪುತ್ತೂರು: ಅಪ್ಪನಿಗೆ ಸ್ಟೆಂಟ್ ಹಾಕಿ 5 ತಿಂಗಳು. ಹಲ್ಲು ತೆಗೆಸುವುದಕ್ಕೆ ಅಂತ ರಕ್ತ ತೆಳು ಮಾಡುವ ಮಾತ್ರೆ ನಿನ್ನೆಯಿಂದ ನಿಲ್ಲಿಸಿದ್ದೇವೆ. ಸಾಕಾ?

ಡಾಕ್ಟ್ರು: ಯಾರು ಹೇಳಿದ್ದು ನಿಲ್ಲಿಸಲಿಕ್ಕೆ? ಹಲ್ಲಿನ ಗುಳಿಯ ರಕ್ತವನ್ನು ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ಈಗಲೇ ಹೃದಯದ ಡಾಕ್ಟ್ರಿಗೆ ಫೋನ್ ಮಾಡಿ.

ಪಡುಬಿದ್ರಿ: ಊಟದ ಬಗ್ಗೆ ಹೇಳಿ ಸರ್.

ಡಾಕ್ಟ್ರು: ಮೇಲೆ ಓದಿ. ಪುತ್ತೂರಿನವರೇ, ಫೋನ್ ಮಾಡಿದಿರಾ?

ಕಾಪು: ಎಕ್ಕದ ಹಾಲು ಬೇಡ, ಸರಿ. ಹೊಗೆಸೊಪ್ಪಿನ ಪುಡಿ ಇಡಬಹುದಲ್ಲ?

ಡಾಕ್ಟ್ರು: ಬೇಡ. ಅದರಿಂದ ಬಾಯಿ ಕ್ಯಾನ್ಸರ್ ಬರುತ್ತದೆ. ಇನ್ನು ಮನೆಮದ್ದು ಕೇಳಬೇಡಿ, ಉತ್ತರಿಸುವುದಿಲ್ಲ. ಪುತ್ತೂರು?

ಪುತ್ತೂರು: ಮಾಡಿದೆ ಸರ್. ಮಾತ್ರೆ ಈಗಲೇ ಕೊಡಿ ಅಂದರು. ಅಪ್ಪ ನುಂಗಿದರು.

ಡಾಕ್ಟ್ರು: ಸರಿ. ಅವರು ಒಪ್ಪದೆ ಹಲ್ಲಿಗೆ ಕೈ ಹಾಕಿಸಬೇಡಿ.

ಕಾರ್ಕಳ: ಖರ್ಚು ಕೇಳಿದ್ದೆ.

ಕುಂದಾಪುರ: ದೊಡ್ಡಪ್ಪನ ಕಣ್ಣಿನದ್ದೂ ಪೂರ್ತಿ ಹೇಳಿ ಆಗಲಿಲ್ಲ.

ಅಡ್ಮಿನ್: ಕಮೆಂಟ್ ಮುಚ್ಚಿದ್ದೇನೆ.